ರೇಡಿಯಂ ಇಲ್ಲದ ರೇಡಿಯಂ ಪಟ್ಟಿ

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ಕ್ಯಾತಗಾನಚೆರ್ಲು ಎಂಬ ಊರಿದೆ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು ಊರುಗಳ ಜೊತೆಗೆ ಈ ಊರಿನ ಜಮೀನೂ ಸೇರಿ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ನಿರ್ಮಾಣವಾಗಿದೆ. 2018ರಲ್ಲಿ ಉದ್ಘಾಟನೆಯಾದ ಈ ಪಾರ್ಕಿನ ಸಾಮರ್ಥ್ಯ 2019ರ ಕೊನೆಗೆ 2,050 ಮೆಗಾವಾಟ್ ತಲುಪಿತು. ಬಯಲಾಗಿದ್ದ ನೆಲಕ್ಕೆ ಬೇಲಿ ಬಂತು. ಹಿಂದೆ ಹೊಲ, ಬೀಳು, ಹಳ್ಳ ದಾಟಿ ಅಡ್ಡಹಾಯುತ್ತಿದ್ದ ಕುರಿ ಹಿಂಡಿಗೆ ಬೇಲಿ ಎದುರಾದ ಕಡೆ ಉಳಿಯುವ ದಾರಿ ಒಂದೇ, ಡಾಂಬರು ರಸ್ತೆ.

ಮೇಯಿಸಿಕೊಂಡು ಹಿಂದಿರುಗುವ ಹೊತ್ತು ಮುಸ್ಸಂಜೆ. ಕುರಿಗಾಹಿಯ ಹೆಗಲ ಮೇಲೆ ಕರಿ ಕಂಬಳಿ. ಪಕ್ಕದ ಚಳ್ಳಕೆರೆಯ ಕಂಬಳಿಗೆ ನಾಡಿನಲ್ಲೆಲ್ಲ ಹೆಸರಿದೆ. ಮಳೆ, ಚಳಿ, ಹಾಸಿಗೆ ಎಲ್ಲಕ್ಕೂ ಒದಗುವ ಈ ಕಂಬಳಿ ಒಂದು ವಿಷಯದಲ್ಲಿ ಮಾತ್ರ ಅಪಾಯಕಾರಿ. ಬಿಳಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹೊರಚೆಲ್ಲಿದರೆ ಕಪ್ಪು ಉಣ್ಣೆ ಚೆಲ್ಲುವುದು ಕೇವಲ ಶೇಕಡಾ ನಾಲ್ಕೈದು ಭಾಗವನ್ನು. ಹಿಂಡಿನ ಅರ್ಧದಷ್ಟು ಕುರಿಗಳ ಬಣ್ಣವೂ ಕಪ್ಪು, ಇಲ್ಲವೇ ಕಂದು. ಹಿಂದಿನಿಂದ ಒಂದು ಲಾರಿ ಬರುತ್ತಿದೆ ಎಂದುಕೊಳ್ಳಿ.

ಕುರಿಗಾಹಿ ತಿರುಗಿ ನೋಡುತ್ತಾನೆ. ಅರ್ಧ ಕಿಲೋಮೀಟರ್ ದೂರದಿಂದಲೇ ಲಾರಿಯ ದೀಪ ಕಣ್ಣಿಗೆ ಹೊಡೆಯುತ್ತದೆ. ‘ಇಷ್ಟು ಬೆಳಕಿನಲ್ಲಿ ನಾನು ಅವನಿಗೆ ಕಾಣದೆ ಇರುತ್ತೇನೆಯೇ?’ ಎಂದು ಅವನಿಗೆ ಅನ್ನಿಸುವುದು ಸಹಜ. ರಾತ್ರಿ ರಸ್ತೆಯಲ್ಲಿ ನಡೆಯುವವರು ತಾವು ಚಾಲಕನಿಗೆ ಕಾಣುವ ದೂರವನ್ನು ನಿಜಕ್ಕಿಂತ ಬಹಳ ಹೆಚ್ಚಾಗಿ ಅಂದಾಜು ಮಾಡುತ್ತಾರೆ ಎಂಬುದು ಅನೇಕ ದೇಶಗಳ ಪ್ರಯೋಗಗಳಲ್ಲಿ ಕಂಡುಬಂದ ಸಂಗತಿ. ದೀಪದಿಂದ ಕುರಿಗಾಹಿಯ ಕಣ್ಣಿಗೆ ಬೆಳಕು ನೇರವಾಗಿ ಬರುತ್ತದೆ. ಚಾಲಕನ ಕಣ್ಣಿಗಾದರೋ ಅದೇ ಬೆಳಕು ಕಂಬಳಿಗೆ ಬಡಿದು, ನಾನಾ ದಿಕ್ಕಿಗೆ ಚೆದುರಿ, ಅದರ ಒಂದು ಅತ್ಯಲ್ಪ ಅಂಶ ಹಿಂದಿರುಗಬೇಕು. ಕಪ್ಪು ಉಡುಪಿನ ವ್ಯಕ್ತಿ ಡಿಮ್ ಮಾಡಿದ ದೀಪದಲ್ಲಿ ಕಾಣುವುದು ಸಾಮಾನ್ಯವಾಗಿ 50 ಮೀಟರಿಗಿಂತ ಕಡಿಮೆ ದೂರದಿಂದ.

ಆ ದೂರ ಸಾಕೇ? ಲೆಕ್ಕ ಹಾಕೋಣ. ರಸ್ತೆ ವಿನ್ಯಾಸಕ್ಕಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬಳಸುವ ಕ್ರಮದಲ್ಲಿ, ಚಾಲಕ ಅಡ್ಡಿಯನ್ನು ಕಂಡು ಬ್ರೇಕ್ ಒತ್ತಲು 2.5 ಸೆಕೆಂಡು ಹಿಡಿಯುತ್ತದೆ ಎಂದು ಇಟ್ಟುಕೊಳ್ಳುತ್ತಾರೆ. ವೇಗ ಗಂಟೆಗೆ 60 ಕಿಲೋಮೀಟರ್ ಇದ್ದರೆ ಅದು ಸೆಕೆಂಡಿಗೆ 16.7 ಮೀಟರ್. ಬ್ರೇಕ್ ಒತ್ತುವ ಮುನ್ನವೇ ವಾಹನ ಸುಮಾರು 42 ಮೀಟರ್ ಮುಂದೆ ಬಂದಿರುತ್ತದೆ. ಆಮೇಲೆ ನಿಲ್ಲಲು ಬೇಕಾಗುವ ದೂರಕ್ಕೆ ವೇಗದ ವರ್ಗವನ್ನು (2 × ಘರ್ಷಣಾಂಕ × ಗುರುತ್ವ ವೇಗೋತ್ಕರ್ಷ) ಇದರಿಂದ ಭಾಗಿಸಬೇಕು. ಘರ್ಷಣಾಂಕ 0.35 ಎಂದು ಹಿಡಿದರೆ ಇನ್ನೂ 40 ಮೀಟರ್. ಒಟ್ಟು 82 ಮೀಟರ್. ವೇಗ 80 ಕಿಲೋಮೀಟರ್ ಆದರೆ 56 ಮತ್ತು 72, ಒಟ್ಟು 128 ಮೀಟರ್. 50 ಮೀಟರ್ ದೂರದಲ್ಲಿ ಕಂಬಳಿ ಕಂಡಾಗ ಚಾಲಕ ಎಷ್ಟೇ ಜಾಣನಾಗಿದ್ದರೂ ಭೌತವಿಜ್ಞಾನ ಅವನ ಕೈ ಬಿಟ್ಟಿರುತ್ತದೆ.

ಬ್ರಿಟನ್ನಿನಲ್ಲಿ ಈ ಪ್ರಶ್ನೆ ಕುದುರೆಯ ಸುತ್ತ ಎದ್ದಿದೆ. ಅಲ್ಲಿ ಹಳ್ಳಿ ರಸ್ತೆಗಳಲ್ಲಿ ಕುದುರೆ ಸವಾರಿ ಇಂದಿಗೂ ಸಾಮಾನ್ಯ. ಸವಾರರು ಹಗಲಿನಲ್ಲಿ ತಿಳಿಬಣ್ಣದ ಇಲ್ಲವೇ ಪ್ರತಿದೀಪ್ತಿಯ ಉಡುಪು ತೊಡಬೇಕು. ಕತ್ತಲಲ್ಲಿ ರಸ್ತೆಗಿಳಿಯದಿರುವುದೇ ಕ್ಷೇಮ, ಇಳಿಯುವುದಾದರೆ ಬೆಳಕನ್ನು ಹಿಂದಿರುಗಿಸುವ ಉಡುಪು ತಾವು ತೊಟ್ಟು, ಅಂಥದೇ ಪಟ್ಟಿಗಳನ್ನು ಕುದುರೆಯ ಕಾಲಿಗೂ ಕಟ್ಟಬೇಕು ಎಂದು ಅಲ್ಲಿನ ಹೆದ್ದಾರಿ ಸಂಹಿತೆ ಹೇಳುತ್ತದೆ. ನಮ್ಮಲ್ಲಿ ರಸ್ತೆಯ ಕುದುರೆ ಎಂದರೆ ಮೈಸೂರಿನ ಟಾಂಗಾ, ಅಶ್ವಾರೋಹಿ ಪೊಲೀಸರು, ಬೆಳಗಾವಿ ಕಡೆಯ ವಲಸೆ ಕುರಿಗಾರರ ಸಾಮಾನು ಹೊರುವ ಕುದುರೆಗಳು, ಇಷ್ಟೇ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯಲ್ಲಿ ಕುದುರೆಯ ಜಾಗದಲ್ಲಿ ಕುರಿ, ಮೇಕೆ, ಎತ್ತಿನ ಗಾಡಿಗಳನ್ನು ಇಟ್ಟು ನೋಡಬೇಕು. ಬೆಳಕಿನ ನಿಯಮಗಳು ಪ್ರಾಣಿಗೆ ತಕ್ಕಂತೆ ಬದಲಾಗುವುದಿಲ್ಲ.

ಹೆಸರಿನ ಗೊಂದಲ

ಬೈಕಿನ ಹಿಂಬದಿಗೆ, ಟ್ರ್ಯಾಕ್ಟರ್ ಟ್ರೇಲರಿಗೆ ಅಂಟಿಸುವ ಹೊಳೆಯುವ ಪಟ್ಟಿಯನ್ನು ಅಂಗಡಿಯಲ್ಲಿ ‘ರೇಡಿಯಂ’ ಎಂದೇ ಕೇಳುತ್ತೇವೆ. ಅದರಲ್ಲಿ ರೇಡಿಯಂ ಇಲ್ಲ. ಮೇರಿ ಮತ್ತು ಪಿಯರೆ ಕ್ಯೂರಿ 1898ರಲ್ಲಿ ಕಂಡುಹಿಡಿದ ರೇಡಿಯಂ ವಿಕಿರಣಶೀಲ ಧಾತು. ಅದನ್ನು ಸತುವಿನ ಸಲ್ಫೈಡಿನೊಡನೆ ಬೆರೆಸಿದ ಬಣ್ಣವನ್ನು ಒಂದು ಕಾಲದಲ್ಲಿ ಗಡಿಯಾರದ ಮುಳ್ಳುಗಳಿಗೆ ಬಳಿಯುತ್ತಿದ್ದರು. ಅದು ಕಗ್ಗತ್ತಲಲ್ಲೂ ತಾನಾಗಿ ಮಿನುಗುತ್ತಿತ್ತು. ಬಣ್ಣ ಬಳಿಯುವಾಗ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದ ಅಮೆರಿಕದ ಕಾರ್ಮಿಕ ಹೆಣ್ಣುಮಕ್ಕಳು ಕಾಯಿಲೆ ಬಿದ್ದು ಸತ್ತ ಕಥೆ ದೊಡ್ಡದು. ಬಣ್ಣ ಹೋಯಿತು, ಹೆಸರು ಮಾತ್ರ ನಮ್ಮ ಸ್ಟಿಕ್ಕರ್ ಅಂಗಡಿಗಳಲ್ಲಿ ಉಳಿಯಿತು.

ಹೆಸರಿನ ತಪ್ಪು ತಿಳಿವಳಿಕೆಯ ತಪ್ಪಿಗೂ ದಾರಿ ಮಾಡಿದೆ. ಈ ಪಟ್ಟಿ ತಾನಾಗಿ ಬೆಳಗುತ್ತದೆ ಎಂದು ನಂಬಿರುವವರು ಬಹಳ. ಪಟ್ಟಿಯನ್ನು ಕತ್ತಲೆ ಕೋಣೆಯಲ್ಲಿ ಇಟ್ಟು ನೋಡಿ, ಏನೂ ಕಾಣದು. ಅದು ಮಾಡುವ ಕೆಲಸ ಒಂದೇ: ಬೆಳಕು ಯಾವ ಕಡೆಯಿಂದ ಬಂತೋ ಆ ಕಡೆಗೇ ಅದನ್ನು ಹಿಂದಿರುಗಿಸುವುದು. ಇದಕ್ಕೆ ಹಿಮ್ಮುಖ ಪ್ರತಿಫಲನ ಎನ್ನಬಹುದು.

ಕನ್ನಡಿಯೂ ಬೆಳಕನ್ನು ಹಿಂದಿರುಗಿಸುತ್ತದೆಯಲ್ಲ ಎಂದು ವಿದ್ಯಾರ್ಥಿ ಕೇಳಬಹುದು. ಕನ್ನಡಿಯಲ್ಲಿ ಪತನ ಕೋನಕ್ಕೆ ಪ್ರತಿಫಲನ ಕೋನ ಸಮ. ಕಿರಣ ಓರೆಯಾಗಿ ಬಂದರೆ ಇನ್ನೊಂದು ಕಡೆಗೆ ಓರೆಯಾಗಿ ಹೋಗುತ್ತದೆ. ನಡೆಯುವವನ ಬೆನ್ನಿಗೆ ಕನ್ನಡಿ ಕಟ್ಟಿದರೆ ಅದು ಲಾರಿಯ ಬೆಳಕನ್ನು ಹೊಲಕ್ಕೋ ಆಕಾಶಕ್ಕೋ ಎಸೆಯುತ್ತದೆ. ಆದರೆ ಎರಡು ಕನ್ನಡಿಗಳನ್ನು ಲಂಬಕೋನದಲ್ಲಿ ಜೋಡಿಸಿ, ಮೂಲೆಯಲ್ಲಿ ನಿಮ್ಮ ಮುಖ ನೋಡಿ. ತಲೆಯನ್ನು ಎಡಬಲಕ್ಕೆ ಎಷ್ಟೇ ಸರಿಸಿದರೂ ಮುಖ ಮೂಲೆಯಲ್ಲೇ ಇರುತ್ತದೆ. ಮೂರನೆಯ ಕನ್ನಡಿಯನ್ನು ಕೆಳಗೆ ಇಟ್ಟು, ಮೂರೂ ಪರಸ್ಪರ ಲಂಬವಾಗಿರುವಂತೆ ಮಾಡಿದರೆ ಯಾವ ದಿಕ್ಕಿನಿಂದ ಬಂದ ಕಿರಣವೂ ಅದೇ ದಿಕ್ಕಿಗೆ ಮರಳುತ್ತದೆ. ಪಿಯುಸಿ ವಿದ್ಯಾರ್ಥಿಗಳಿಗೆ ಇದನ್ನು ಸದಿಶದ ಮೂಲಕ ವಿವರಿಸುವುದು ಸುಲಭ: ಪ್ರತಿಯೊಂದು ಕನ್ನಡಿ ಕಿರಣದ ಒಂದು ಘಟಕದ ಚಿಹ್ನೆಯನ್ನು ಮಾತ್ರ ಬದಲಿಸುತ್ತದೆ. ಮೂರೂ ಬದಲಾದಾಗ ದಿಕ್ಕು ಪೂರ್ತಿ ತಿರುಗಿರುತ್ತದೆ. ಸೈಕಲ್ಲಿನ ಕೆಂಪು ಪ್ಲಾಸ್ಟಿಕ್ ರಿಫ್ಲೆಕ್ಟರನ್ನು ಹತ್ತಿರದಿಂದ ನೋಡಿದರೆ ಇಂಥ ನೂರಾರು ಪುಟ್ಟ ಮೂಲೆಗಳು ಕಾಣುತ್ತವೆ.

ಬಟ್ಟೆಗೆ ಹೊಲಿಯುವ ಬೂದುಬೆಳ್ಳಿ ಬಣ್ಣದ ಪಟ್ಟಿಯಲ್ಲಿ ಇರುವುದು ಮೂಲೆಗಳಲ್ಲ, ಗಾಜಿನ ಮಣಿಗಳು. ಒಂದೊಂದರ ಅಡ್ಡಳತೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತ ಚಿಕ್ಕದು. ಮಣಿಯೊಳಗೆ ಹೊಕ್ಕ ಬೆಳಕು ವಕ್ರೀಭವನಗೊಂಡು ಹಿಂಬದಿಯಲ್ಲಿ ಒಂದು ಬಿಂದುವಿಗೆ ಸೇರಿ, ಅಲ್ಲಿನ ಲೋಹದ ಲೇಪಕ್ಕೆ ಬಡಿದು, ಬಂದ ದಾರಿಯಲ್ಲೇ ಹೊರಬೀಳಬೇಕು. ಇದಕ್ಕೆ ಎಲ್ಲ ಗಾಜೂ ಆಗದು. ಗೋಳದ ಕೇಂದ್ರದಿಂದ ಸಂಗಮ ಬಿಂದುವಿಗೆ ಇರುವ ದೂರ, ತ್ರಿಜ್ಯವನ್ನು ವಕ್ರೀಭವನಾಂಕದಿಂದ ಗುಣಿಸಿ, ವಕ್ರೀಭವನಾಂಕದಲ್ಲಿ ಒಂದು ಕಳೆದು ಬಂದುದರ ಇಮ್ಮಡಿಯಿಂದ ಭಾಗಿಸಿದಷ್ಟು. ಕಿಟಕಿ ಗಾಜಿನ ವಕ್ರೀಭವನಾಂಕ 1.5, ಅದರ ಗೋಳದಲ್ಲಿ ಬೆಳಕು ಸೇರುವುದು ಕೇಂದ್ರದಿಂದ ಒಂದೂವರೆ ತ್ರಿಜ್ಯ ಆಚೆ, ಎಂದರೆ ಗೋಳದ ಹೊರಗೆ. ವಕ್ರೀಭವನಾಂಕ 2 ಇದ್ದರೆ ಸರಿಯಾಗಿ ಹಿಂಬದಿಯ ಮೇಲೆ. ಆದ್ದರಿಂದ ಈ ಮಣಿಗಳನ್ನು 1.9ರ ಆಸುಪಾಸಿನ ವಿಶೇಷ ಗಾಜಿನಿಂದ ತಯಾರಿಸುತ್ತಾರೆ.

ನೀರಿನ ಹನಿಯ ಲೆಕ್ಕವನ್ನೂ ಮಾಡಿ. ವಕ್ರೀಭವನಾಂಕ 1.33, ಬೆಳಕು ಹನಿಯಿಂದ ಒಂದು ತ್ರಿಜ್ಯದಷ್ಟು ಆಚೆ ಸೇರುತ್ತದೆ. ಚಳಿಗಾಲದ ಬೆಳಿಗ್ಗೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನಿಮ್ಮ ನೆರಳು ಬಿದ್ದಾಗ ತಲೆಯ ನೆರಳಿನ ಸುತ್ತ ಒಂದು ಬೆಳ್ಳನೆಯ ಪ್ರಭೆ ಕಾಣುತ್ತದಲ್ಲ, ಅದಕ್ಕೆ ಇದೇ ಕಾರಣ. ಎಲೆಯ ಸಣ್ಣ ರೋಮಗಳು ಹನಿಯನ್ನು ಎತ್ತಿಹಿಡಿದಿರುತ್ತವೆ. ಹನಿಯಾಚೆ ಸೇರಿದ ಬೆಳಕು ಎಲೆಗೆ ಬಡಿದು ಸೂರ್ಯನ ಕಡೆಗೇ ಮರಳುತ್ತದೆ. ಪಕ್ಕದಲ್ಲಿ ನಿಂತ ಗೆಳೆಯನಿಗೆ ನಿಮ್ಮ ತಲೆಯ ಪ್ರಭೆ ಕಾಣುವುದಿಲ್ಲ, ಅವನದೇ ಅವನಿಗೆ ಕಾಣುತ್ತದೆ.

ಈ ‘ಅವನದೇ ಅವನಿಗೆ’ ಎಂಬುದು ಪಟ್ಟಿಯ ವಿಷಯದಲ್ಲಿ ಮುಖ್ಯ. ಹಿಂದಿರುಗುವ ಬೆಳಕು ದೀಪದ ಸುತ್ತ ಒಂದು ಕಿರಿದಾದ ಶಂಕುವಿನೊಳಗೆ ಮಾತ್ರ ಬರುತ್ತದೆ. ಕಾರಿನಲ್ಲಿ ಚಾಲಕನ ಕಣ್ಣು ಹೆಡ್‌ಲೈಟಿಗಿಂತ ಸುಮಾರು 70 ಸೆಂಟಿಮೀಟರ್ ಮೇಲಿದ್ದರೆ 100 ಮೀಟರ್ ದೂರದ ಪಟ್ಟಿಯಲ್ಲಿ ದೀಪಕ್ಕೂ ಕಣ್ಣಿಗೂ ನಡುವಿನ ಕೋನ 0.4 ಡಿಗ್ರಿ. ಲಾರಿಯಲ್ಲಿ ಚಾಲಕ ಎತ್ತರದಲ್ಲಿ ಕೂರುವುದರಿಂದ ಈ ಕೋನ ಇಮ್ಮಡಿಯಾಗಬಹುದು. ಅದೇ ಪಟ್ಟಿ, ಅದೇ ದೂರ, ಆದರೂ ಲಾರಿಯವನಿಗೆ ಮಂಕು. ಬೀದಿ ದೀಪದ ಕೆಳಗೆ ನಿಂತು ‘ಪಟ್ಟಿ ಹೊಳೆಯುತ್ತಿಲ್ಲ, ಕೆಟ್ಟಿದೆ’ ಎನ್ನುವವರೂ ಇದೇ ಕೋನವನ್ನು ಮರೆತವರು.

ಕುರಿಯ ಕಣ್ಣಿನಲ್ಲೇ ಪಟ್ಟಿ ಇದೆಯಲ್ಲ!

ಟಾರ್ಚ್ ಹಾಕಿದಾಗ ಕುರಿ, ಮೇಕೆ, ದನ, ಕುದುರೆಗಳ ಕಣ್ಣು ಹಸಿರಾಗಿ ಹೊಳೆಯುವುದನ್ನು ಎಲ್ಲರೂ ನೋಡಿದ್ದೇವೆ. ಅಕ್ಷಿಪಟಲದ ಹಿಂದೆ ಬೆಳಕನ್ನು ಪ್ರತಿಫಲಿಸುವ ಒಂದು ಪದರ ಇರುವುದೇ ಇದಕ್ಕೆ ಕಾರಣ. ಒಮ್ಮೆ ಹಾದುಹೋದ ಬೆಳಕನ್ನು ಮತ್ತೊಮ್ಮೆ ಅಕ್ಷಿಪಟಲದ ಮೂಲಕ ಕಳುಹಿಸಿ, ಮಬ್ಬಿನಲ್ಲೂ ನೋಡಲು ಅದು ನೆರವಾಗುತ್ತದೆ. ಮನುಷ್ಯನಿಗೆ ಈ ಪದರ ಇಲ್ಲ. ಇಂಗ್ಲೆಂಡಿನ ಪರ್ಸಿ ಶಾ 1930ರ ದಶಕದಲ್ಲಿ ರಸ್ತೆಯ ನಡುವೆ ಹುದುಗಿಸುವ ಗಾಜಿನ ಗುಂಡಿಯನ್ನು ರೂಪಿಸಿದಾಗ ಅದಕ್ಕೆ ‘ಬೆಕ್ಕಿನ ಕಣ್ಣು’ ಎಂದೇ ಹೆಸರು ಬಂತು.

ಆದರೆ ಈ ಸಹಜ ರಿಫ್ಲೆಕ್ಟರನ್ನು ನೆಚ್ಚಿಕೊಳ್ಳುವಂತಿಲ್ಲ. ಪ್ರಾಣಿ ದೀಪದ ಕಡೆ ಮುಖ ಮಾಡಿದಾಗ ಮಾತ್ರ ಅದು ಹೊಳೆಯುತ್ತದೆ. ಹಿಂಡು ರಸ್ತೆಯಲ್ಲಿ ಮುಂದೆ ಸಾಗುತ್ತಿದ್ದು, ವಾಹನ ಹಿಂದಿನಿಂದ ಬಂದರೆ ಚಾಲಕನಿಗೆ ಕಾಣುವುದು ಇನ್ನೂರು ಬಾಲಗಳೇ ಹೊರತು ಒಂದೂ ಕಣ್ಣಲ್ಲ.

ಹಗಲಿಗೆ ಬೇರೆ ಉಪಾಯ

ರಸ್ತೆ ಕೆಲಸಗಾರರು ತೊಡುವ ಕಣ್ಣು ಕುಕ್ಕುವ ನಿಂಬೆಹಳದಿ ಅಥವಾ ಕಿತ್ತಳೆ ಜಾಕೆಟ್‌ಗಳಲ್ಲಿ ಕೆಲಸ ಮಾಡುವುದು ಪ್ರತಿದೀಪ್ತಿ. 1852ರಲ್ಲಿ ಸ್ಟೋಕ್ಸ್ ವಿವರಿಸಿದ ವಿದ್ಯಮಾನ ಇದು. ಬಟ್ಟೆಯ ಬಣ್ಣ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನೂ ನೀಲಿ, ನೇರಳೆ ಬೆಳಕನ್ನೂ ಹೀರಿಕೊಂಡು ಹೆಚ್ಚು ತರಂಗಾಂತರದ ಹಳದಿಹಸಿರು ಬೆಳಕಾಗಿ ಹೊರಬಿಡುತ್ತದೆ. ಸಾಮಾನ್ಯವಾಗಿ ಪ್ರತಿಫಲಿಸಿದ ಹಳದಿಯ ಜೊತೆಗೆ ಹೊಸದಾಗಿ ಹುಟ್ಟಿದ ಹಳದಿಯೂ ಸೇರುವುದರಿಂದ ಬಟ್ಟೆ ಉರಿಯುವಂತೆ ತೋರುತ್ತದೆ. ಮನೆಯಲ್ಲೇ ನೋಡಬೇಕೆಂದರೆ ಚಿಟಿಕೆ ಅರಿಸಿನವನ್ನು ಸ್ಪಿರಿಟಿನಲ್ಲಿ ಕರಗಿಸಿ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚಿನಿಂದ ಬೆಳಗಿಸಿ. ದ್ರವ ಹಸಿರುಹಳದಿಯಾಗಿ ಹೊಳೆಯುತ್ತದೆ. (ಟಾರ್ಚನ್ನು ಕಣ್ಣಿಗೆ ಹಿಡಿಯಬಾರದು, ಸ್ಪಿರಿಟಿನ ಬಳಿ ಬೆಂಕಿ ಇರಬಾರದು.)

ಹಗಲಿನಲ್ಲಿ ನಮ್ಮ ಕಣ್ಣಿಗೆ ಅತಿ ಹೆಚ್ಚು ಸಂವೇದನೆ ಇರುವುದು 555 ನ್ಯಾನೊಮೀಟರ್ ತರಂಗಾಂತರಕ್ಕೆ. ಅದು ಹಳದಿಹಸಿರೇ. ಬೆಳಕು ಇಳಿದಂತೆ ಶಂಕುಕೋಶಗಳು ಹಿಂದೆ ಸರಿದು ದಂಡಕೋಶಗಳ ಪಾಲು ಹೆಚ್ಚುತ್ತದೆ. ಅವುಗಳ ಗರಿಷ್ಠ ಸಂವೇದನೆ 507 ನ್ಯಾನೊಮೀಟರಿನಲ್ಲಿ, ಕೆಂಪಿಗಂತೂ ಅವು ಬಹುತೇಕ ಕುರುಡು. ಮುಸ್ಸಂಜೆಯಲ್ಲಿ ಕೆಂಪು ದಾಸವಾಳ ಎಲೆಗಿಂತ ಮೊದಲೇ ಕಪ್ಪಾಗುವುದನ್ನು ಗಮನಿಸಿ. ತಲೆಗೆ ಕೆಂಪು ವಸ್ತ್ರ ಸುತ್ತಿಕೊಂಡರೆ ದೂರಕ್ಕೆ ಕಾಣುತ್ತದೆ ಎಂಬ ನಂಬಿಕೆ ಹಗಲಿಗೆ ಸರಿ, ಸಂಜೆಗೆ ತಪ್ಪು.

ಬಣ್ಣದ ಆಯ್ಕೆಯಲ್ಲಿ ಹಿನ್ನೆಲೆಯನ್ನೂ ನೋಡಬೇಕು. ಮಲೆನಾಡಿನ ಹಸಿರಿನಲ್ಲಿ ಕಿತ್ತಳೆ ಎದ್ದುಕಾಣುತ್ತದೆ. ಪಾವಗಡದ ಕೆಮ್ಮಣ್ಣು, ಒಣಹುಲ್ಲಿನ ನಡುವೆ ನಿಂಬೆಹಳದಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಪೂರ್ತಿ ಕತ್ತಲಾದ ಮೇಲೆ ಈ ಜಾಕೆಟ್ಟಿನ ಬಣ್ಣಕ್ಕೆ ಕೆಲಸವಿಲ್ಲ. ಹೀರಲು ನೇರಳಾತೀತ ಕಿರಣವೇ ಇಲ್ಲದಿದ್ದಾಗ ಅದು ಒಂದು ಸಾಧಾರಣ ಹಳದಿ ಬಟ್ಟೆ. ಅಗ್ಗದ ಜಾಕೆಟ್ ಕೊಳ್ಳುವಾಗ ಹಳದಿಗೆ ಮರುಳಾಗಿ ಬೆಳ್ಳಿಪಟ್ಟಿ ಇದೆಯೇ ಎಂದು ನೋಡದವರು ಅರ್ಧ ಹಣವನ್ನು ಹಗಲಿಗೆ ಮಾತ್ರ ಕೊಟ್ಟಂತೆ.

ಎಲ್ಲಿ ಕಟ್ಟಬೇಕು?

ಬ್ರಿಟನ್ನಿನ ಸಂಹಿತೆ ಕುದುರೆಯ ಕಾಲಿಗೆ, ಅದೂ ಗೊರಸಿನ ಮೇಲಿನ ಗಿಣ್ಣಿನ ಮೇಲ್ಭಾಗದಲ್ಲಿ, ಪಟ್ಟಿ ಕಟ್ಟಿ ಎನ್ನುತ್ತದೆ. ಅಗಲವಾದ ಬೆನ್ನು, ಹೊಟ್ಟೆ ಇರುವಾಗ ಸಣಕಲು ಕಾಲೇಕೆ? ಡಿಮ್ ದೀಪದ ಬೆಳಕು ರಸ್ತೆಗೆ ಹತ್ತಿರವಾಗಿ ಹರಿಯುತ್ತದೆ, ಕಾಲಿನ ಮೇಲೆ ಬೇಗ ಬೀಳುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಮನಶ್ಶಾಸ್ತ್ರದ್ದು.

1973ರಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಗುನ್ನಾರ್ ಯೋಹಾನ್ಸನ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ವ್ಯಕ್ತಿಯ ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಹರಡುಗಳಲ್ಲಿ ಮಾತ್ರ ಬೆಳಕಿನ ಚುಕ್ಕೆಗಳಿದ್ದು, ಉಳಿದುದೆಲ್ಲ ಕತ್ತಲು. ಚುಕ್ಕೆಗಳು ನಿಶ್ಚಲವಾಗಿದ್ದಾಗ ನೋಡುಗರಿಗೆ ಅವು ಅರ್ಥವಿಲ್ಲದ ಗುಂಪು. ವ್ಯಕ್ತಿ ನಡೆಯಲು ಶುರುಮಾಡಿದ ಕ್ಷಣದಲ್ಲೇ ‘ಮನುಷ್ಯ ನಡೆಯುತ್ತಿದ್ದಾನೆ’ ಎಂದು ಅವರು ಗುರುತಿಸಿದರು. ಜೀವಿಗಳ ಚಲನೆಯ ಲಯವನ್ನು ಗುರುತಿಸುವ ಶಕ್ತಿ ನಮ್ಮ ಮಿದುಳಿಗೆ ಅಷ್ಟು ಚುರುಕಾಗಿದೆ. ಆಮೇಲೆ ಆಸ್ಟ್ರೇಲಿಯ, ಅಮೆರಿಕಗಳಲ್ಲಿ ರಾತ್ರಿ ರಸ್ತೆಯ ಮೇಲೆ ನಡೆಸಿದ ಪ್ರಯೋಗಗಳಲ್ಲೂ, ಎದೆಯ ಮೇಲಿನ ಜಾಕೆಟ್ ಒಂದಕ್ಕಿಂತ ಹರಡು, ಮಂಡಿ, ಕೈಗಳಿಗೆ ಕಟ್ಟಿದ ಸಣ್ಣ ಪಟ್ಟಿಗಳಿಂದ ಚಾಲಕರು ಬಹಳ ದೂರದಿಂದಲೇ ‘ಅಲ್ಲಿ ಮನುಷ್ಯ ಇದ್ದಾನೆ’ ಎಂದು ಗುರುತಿಸಿದರು.

ಇಲ್ಲಿ ‘ಕಾಣುವುದು’ ಮತ್ತು ‘ಗುರುತಿಸುವುದು’ ಬೇರೆ ಬೇರೆ. ಅಲುಗದ ಒಂದು ಹೊಳೆಯುವ ಚೌಕ ಮೈಲಿಗಲ್ಲಾಗಿರಬಹುದು, ಬೇಲಿಗೆ ಕಟ್ಟಿದ ಫಲಕವಾಗಿರಬಹುದು. ಚಾಲಕ ವೇಗ ಇಳಿಸುವುದಿಲ್ಲ. ಹೆಜ್ಜೆಯ ಲಯದಲ್ಲಿ ಮೇಲೆ ಕೆಳಗೆ ಆಡುವ ಎರಡು ಚುಕ್ಕೆ ಜೀವವಲ್ಲದೆ ಬೇರೇನೂ ಆಗಿರಲಾರದು. ನಮ್ಮ ಹಿರಿಯರು ಗಾಡಿಯ ಅಚ್ಚಿನ ಕೆಳಗೆ ಲಾಟೀನು ತೂಗುಹಾಕುತ್ತಿದ್ದುದು ನೆನಪಿದೆಯೇ? ಆ ಬೆಳಕಿನಲ್ಲಿ ಎತ್ತುಗಳ ಕಾಲುಗಳೂ ಅವುಗಳ ಉದ್ದನೆಯ ನೆರಳುಗಳೂ ಆಡುತ್ತಿದ್ದವು. ದಾರಿ ಕಾಣಲೆಂದು ಕಟ್ಟಿದ ದೀಪ ಯೋಹಾನ್ಸನ್ನರ ಪ್ರಯೋಗವನ್ನೂ ಮಾಡುತ್ತಿತ್ತು.

ಹಾಗಾದರೆ ಕ್ಯಾತಗಾನಚೆರ್ಲುವಿನ ಕುರಿಗಾಹಿಗೆ ಜಾಕೆಟ್ಟೇ ಬೇಕೆಂದಿಲ್ಲ. ಅದು ಕಂಬಳಿಯ ಕೆಳಗೆ ಮುಚ್ಚಿಹೋಗುವುದೇ ಹೆಚ್ಚು. ಎರಡು ಹರಡಿಗೆ ಒಂದೊಂದು ಪಟ್ಟಿ, ಬೀಸುವ ಕೋಲಿಗೆ ಒಂದು, ಕಂಬಳಿಯ ಅಂಚಿಗೆ ಹೊಲಿದ ಒಂದು ಗೇಣು ಪಟ್ಟಿ ಇಷ್ಟಿದ್ದರೆ ಮೇಲು. ಹಿಂಡು ಮೂವತ್ತು ನಲವತ್ತು ಮೀಟರ್ ಉದ್ದಕ್ಕೆ ಹಬ್ಬಿರುತ್ತದೆ. ಮುಂದೆ ನಡೆಯುವವನಿಗೆ ಮಾತ್ರ ಪಟ್ಟಿ ಇದ್ದು ಹಿಂದಿನವರಿಗೆ ಇಲ್ಲದಿದ್ದರೆ ಚಾಲಕ ಹಿಂಡಿನ ಬಾಲವನ್ನು ಖಾಲಿ ರಸ್ತೆ ಎಂದುಕೊಂಡಾನು. ಹಿಂದೆ ನಡೆಯುವುದು ಬಹಳ ಸಲ ಮನೆಯ ಹುಡುಗನೇ. ಮೊದಲ ಪಟ್ಟಿ ಅವನ ಕಾಲಿಗೆ.

ಗಾಡಿಗೆ ಬೇರೆ ಲೆಕ್ಕ. ಹಿಂಬದಿಯ ನಡುವೆ ಒಂದೇ ರಿಫ್ಲೆಕ್ಟರ್ ಇದ್ದರೆ ದೂರಕ್ಕೆ ಅದು ಸೈಕಲ್ಲಿನಂತೆ ತೋರುತ್ತದೆ. ಎಡ, ಬಲ ತುದಿಗಳಲ್ಲಿ ಒಂದೊಂದು ಕೆಂಪು ಪಟ್ಟಿ ಇರಬೇಕು, ಹುಲ್ಲು ಹೇರಿದಾಗ ಅವು ಮುಚ್ಚಬಾರದು. ಅಡ್ಡರಸ್ತೆಯಲ್ಲಿ ಪಕ್ಕದಿಂದ ಕಾಣಲು ಗಾಲಿಯ ಅರಕ್ಕೆ ಅಂಟಿಸಿದ ಪಟ್ಟಿ ಒಳ್ಳೆಯದು, ಅದು ತಿರುಗುತ್ತದೆ. ಅಂದಹಾಗೆ, ಫಿನ್ಲೆಂಡಿನಲ್ಲಿ ಪಾದಚಾರಿಗಳು ಕೋಟಿಗೆ ತೂಗುಹಾಕಿಕೊಳ್ಳುವ ಪ್ಲಾಸ್ಟಿಕ್ ರಿಫ್ಲೆಕ್ಟರನ್ನು 1960ರ ದಶಕದಲ್ಲಿ ರೂಪಿಸಿದ ಅರ್ವಿ ಲೆಹ್ತಿ ಎಂಬಾತ ಅದನ್ನು ಮೊದಲು ಮಾಡಿದ್ದು ಕುದುರೆ ಗಾಡಿಗಾಗಿ. ಅದೇ ದೇಶದಲ್ಲಿ 2014ರಲ್ಲಿ ಹಿಮಸಾರಂಗಗಳ ಕೊಂಬಿಗೆ ಹೊಳೆಯುವ ಬಣ್ಣ ಸಿಂಪಡಿಸಿಯೂ ನೋಡಿದರು. ನಮ್ಮ ದೇಶದಲ್ಲೂ ಕೆಲವೆಡೆ ಪೊಲೀಸರು ಬೀಡಾಡಿ ದನಗಳ ಕೊಂಬಿಗೆ ಪಟ್ಟಿ ಅಂಟಿಸಿದ್ದುಂಟು.

ದೂಳು ಮತ್ತು ಮಳೆ

ಬಯಲುಸೀಮೆಯಲ್ಲಿ ಪಟ್ಟಿಯ ದೊಡ್ಡ ಶತ್ರು ದೂಳು. ಬೆಳಕು ದೂಳಿನ ಪದರವನ್ನು ಎರಡು ಸಲ ದಾಟಬೇಕು, ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ. ದೂಳು ಅರ್ಧ ಬೆಳಕನ್ನು ತಡೆದರೆ ಉಳಿಯುವುದು ಅರ್ಧವಲ್ಲ, ಕಾಲು ಭಾಗ. ಮೂರನೆಯ ಎರಡು ಭಾಗ ತಡೆದರೆ ಒಂಬತ್ತರಲ್ಲಿ ಒಂದು. ಅಪೋಲೋ ಯಾತ್ರಿಗಳು 1969ರಿಂದ 1971ರ ನಡುವೆ ಚಂದ್ರನ ಮೇಲೆ ಇಟ್ಟುಬಂದ ಮೂಲೆ ಕನ್ನಡಿಗಳಿಂದ ಈಗ ಹಿಂದಿರುಗುವ ಲೇಸರ್ ಬೆಳಕು ನಿರೀಕ್ಷೆಯ ಸುಮಾರು ಹತ್ತರಲ್ಲಿ ಒಂದು ಭಾಗ ಎಂದು ಕಂಡುಬಂದಾಗ ವಿಜ್ಞಾನಿಗಳು ಮೊದಲು ಸಂದೇಹಪಟ್ಟದ್ದೂ ದೂಳನ್ನೇ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನ ಮೇಲೂ ಇಂಥ ಎಂಟು ಪುಟ್ಟ ಮೂಲೆಗಳ ಒಂದು ಸಾಧನ ಇದೆ. 2023ರ ಡಿಸೆಂಬರ್ 12ರಂದು ನಾಸಾದ ಚಂದ್ರ ಪರಿಭ್ರಮಣ ನೌಕೆ ಕಳಿಸಿದ ಲೇಸರನ್ನು ಅದು ಹಿಂದಿರುಗಿಸಿತು. ಚಂದ್ರನ ಮೇಲೆ ಒರೆಸುವವರಿಲ್ಲ. ನಮ್ಮಲ್ಲಿ ವಾರಕ್ಕೊಮ್ಮೆ ಒದ್ದೆ ಬಟ್ಟೆ ಸಾಕು.

ಮಳೆಯಲ್ಲಿ ಮಣಿಪಟ್ಟಿ ಮಂಕಾಗುವುದೇಕೆ ಎಂಬುದನ್ನು ಮೇಲಿನ ಸೂತ್ರದಿಂದಲೇ ಹೇಳಬಹುದು. ಮಣಿಯ ಸುತ್ತ ಗಾಳಿಯ ಬದಲು ನೀರು ನಿಂತಾಗ ಸಾಪೇಕ್ಷ ವಕ್ರೀಭವನಾಂಕ 1.9ನ್ನು 1.33ರಿಂದ ಭಾಗಿಸಿದಷ್ಟು, ಸುಮಾರು 1.43. ಸಂಗಮ ಬಿಂದು ಮತ್ತೆ ಮಣಿಯ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಮೂಲೆಗಳನ್ನು ಅಡಗಿಸಿದ ಪಟ್ಟಿಗೆ ಈ ತೊಂದರೆ ಕಡಿಮೆ.

ತರಗತಿಯಲ್ಲಿ ಮಾಡಲು ಒಂದು ಪ್ರಯೋಗ ಹೇಳಿ ನಿಲ್ಲಿಸುತ್ತೇನೆ. ಸಂಜೆ ಆಟದ ಮೈದಾನದ ಒಂದು ತುದಿಯಲ್ಲಿ ಇಬ್ಬರು ವಿದ್ಯಾರ್ಥಿಗಳನ್ನು ನಿಲ್ಲಿಸಿ. ಒಬ್ಬನ ಎದೆಗೆ ಒಂದು ಪಟ್ಟಿ. ಇನ್ನೊಬ್ಬನಿಗೆ ಅಷ್ಟೇ ಅಳತೆಯ ಪಟ್ಟಿಯನ್ನು ನಾಲ್ಕಾಗಿ ಕತ್ತರಿಸಿ ಎರಡು ಹರಡು, ಎರಡು ಮಂಡಿಗಳಿಗೆ. ಇನ್ನೊಂದು ತುದಿಯಲ್ಲಿ ಒಬ್ಬಳು ಟಾರ್ಚನ್ನು ಕಿವಿಯ ಪಕ್ಕ ಹಿಡಿದು ಅವರತ್ತ ಬೆಳಗಿಸಲಿ. ಮೊದಲು ಇಬ್ಬರೂ ಅಲುಗದೆ ನಿಲ್ಲಲಿ, ಆಮೇಲೆ ನಿಂತಲ್ಲೇ ಹೆಜ್ಜೆ ಹಾಕಲಿ. ಟಾರ್ಚ್ ಹಿಡಿದವಳು ಏನು ಕಂಡಿತೆಂದು ಬರೆದಿಡಲಿ. ಅವಳಿಂದ ಎರಡು ಮೀಟರ್ ಪಕ್ಕದಲ್ಲಿ ಬರಿಗೈಲಿ ನಿಂತವಳೂ ಬರೆಯಲಿ. ಕೊನೆಗೆ ಪಟ್ಟಿಗಳ ಮೇಲೆ ಒಂದು ಹಿಡಿ ಕೆಮ್ಮಣ್ಣಿನ ಪುಡಿ ಉಜ್ಜಿ, ಇದನ್ನೇ ಇನ್ನೊಮ್ಮೆ ಮಾಡಿ.